ನಡಿಗೆ ದಾರಿಯನ್ನು ಬೇಲಿಯಿಂದ ಒಳಕ್ಕೆ ತನ್ನಿ

ನಗರಗಳ ಉದ್ಯಾನ, ರಸ್ತೆ ಮತ್ತು ಯೋಜನಾ ವಿಭಾಗಗಳ ಅಧಿಕಾರಿಗಳಿಗೆ, ಎಂಜಿನಿಯರುಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಕಚೇರಿಯಲ್ಲಿರುವ ಯಾವುದಾದರೂ ಒಂದು ಉದ್ಯಾನದ ನಕ್ಷೆಯನ್ನು ಮೇಜಿನ ಮೇಲೆ ಹರಡಿ. ನಡಿಗೆ ದಾರಿ ಎಲ್ಲಿದೆ ನೋಡಿ. ಹೆಚ್ಚಿನ ಕಡೆ ಅದು ಬೇಲಿಗೆ ಅಂಟಿಕೊಂಡೇ ಸುತ್ತು ಹೊಡೆಯುತ್ತದೆ. ನಡುವೆ ಹುಲ್ಲುಹಾಸು, ಹೂವಿನ ಮಡಿ, ಕಾರಂಜಿ. ಜನ ನಡೆಯುವುದು ಮಾತ್ರ ಅಂಚಿನಲ್ಲಿ, ರಸ್ತೆಗೆ ಅತಿ ಹತ್ತಿರದ ಪಟ್ಟಿಯಲ್ಲಿ. ಇಡೀ ಉದ್ಯಾನದಲ್ಲಿ ಎಲ್ಲಕ್ಕಿಂತ ಹೆಚ್ಚು ಗದ್ದಲ ಇರುವ ಜಾಗವನ್ನೇ ಹುಡುಕಿ ಅಲ್ಲಿ ದಾರಿ ಹಾಸಿದಂತೆ ಆಗಿದೆ. ಸುತ್ತು ಉದ್ದ ಸಿಗಲಿ, ನಡುವಿನ ಜಾಗ ತುಂಡಾಗದಿರಲಿ ಎಂಬ ಲೆಕ್ಕ ಇದರ ಹಿಂದಿದೆ, ಅದು ತಪ್ಪೇನಲ್ಲ. ಆದರೆ ಆ ಲೆಕ್ಕದಲ್ಲಿ ಕಿವಿಯನ್ನು ಸೇರಿಸಿಕೊಂಡಿಲ್ಲ.

ವಾಹನಗಳ ಸದ್ದಿನಿಂದ ದೂರ ನಡೆಯಲು ಒಂದು ಜಾಗ ಬೇಕು ಎನ್ನುವವರು ಹೊಸ ಉದ್ಯಾನ ಕೊಡಿ ಎಂದು ಕೇಳುತ್ತಿಲ್ಲ. ಇರುವ ಜಾಗದಲ್ಲೇ ದಾರಿ ಸರಿಯಾದ ಕಡೆ ಹಾಯಲಿ ಎನ್ನುತ್ತಿದ್ದಾರೆ. ಅದಕ್ಕೆ ಏನು ಮಾಡಬೇಕು, ಎಲ್ಲಿ ಎಡವುತ್ತೇವೆ ಎಂಬುದನ್ನು ಅಳತೆ ಸಮೇತ ಇಲ್ಲಿ ಬರೆದಿದ್ದೇವೆ.

ಮೊದಲು ದೂರದ ಮಾತು. ಎಡೆಬಿಡದೆ ವಾಹನ ಹರಿಯುವ ರಸ್ತೆಯ ಸದ್ದು ಒಂದು ಉದ್ದ ಗೆರೆಯಿಂದ ಬಂದಂತೆ ಬರುತ್ತದೆ. ಅಂಥ ಗೆರೆಯಿಂದ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಸುಮಾರು 3 ಡೆಸಿಬಲ್ ಇಳಿಯುತ್ತದೆ. ನಡುವೆ ಇರುವುದು ಕಾಂಕ್ರೀಟಲ್ಲ, ಹುಲ್ಲು ಮತ್ತು ಸಡಿಲ ಮಣ್ಣು ಎಂದಾದರೆ ಇಳಿತ ಸುಮಾರು 4.5. ವಾಹನ ಹರಿಯುವ ನಡುಗೆರೆಯಿಂದ 10 ಮೀಟರಿನಲ್ಲಿ 70 ಡೆಸಿಬಲ್ ಇದೆ ಎಂದಿಟ್ಟುಕೊಳ್ಳಿ. ಹುಲ್ಲುನೆಲದ ಮೇಲೆ 20 ಮೀಟರಿಗೆ ಅದು 65ರ ಆಸುಪಾಸಿಗೆ ಬರುತ್ತದೆ, 40 ಮೀಟರಿಗೆ 61, 80 ಮೀಟರಿಗೆ 56 ಅಥವಾ 57. ಸದ್ದು 10 ಡೆಸಿಬಲ್ ಇಳಿದರೆ ಕಿವಿಗೆ ಗದ್ದಲ ಹೆಚ್ಚುಕಡಿಮೆ ಅರ್ಧವಾದಂತೆ ಕೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪ್ ವಲಯಕ್ಕೆ ಕೊಟ್ಟ ಮಾರ್ಗಸೂಚಿಯಲ್ಲಿ ರಸ್ತೆಯ ಸದ್ದು ಹಗಲು, ಸಂಜೆ, ರಾತ್ರಿ ಸೇರಿಸಿ ತೆಗೆದ ಸರಾಸರಿಯಲ್ಲಿ 53 ಡೆಸಿಬಲ್‌ಗಿಂತ ಕೆಳಗಿರಲಿ ಎಂದಿದೆ. 80 ಮೀಟರ್ ಒಳಗೆ ಬಂದ ದಾರಿ ಆ ಮಟ್ಟದ ಹತ್ತಿರಕ್ಕಾದರೂ ಬರುತ್ತದೆ. ಬೇಲಿಯ ಪಕ್ಕದ ದಾರಿ ಎಂದಿಗೂ ಬರುವುದಿಲ್ಲ.

ಇದೇ ಲೆಕ್ಕದಲ್ಲಿ ಸಣ್ಣ ಉದ್ಯಾನಗಳಿಗೂ ಒಂದು ಒಳ್ಳೆಯ ಸುದ್ದಿ ಇದೆ. 10 ಮೀಟರಿನಲ್ಲಿರುವ ದಾರಿಯನ್ನು 20ಕ್ಕೆ ಸರಿಸಿದಾಗ ಸಿಗುವ ಇಳಿತ, 80ರಿಂದ 160ಕ್ಕೆ ಸರಿಸಿದಾಗ ಸಿಗುವಷ್ಟೇ. ಅಂದರೆ ಬೇಲಿಯ ಪಕ್ಕದ ಮೊದಲ ಕೆಲವು ಮೀಟರುಗಳೇ ಎಲ್ಲಕ್ಕಿಂತ ಬೆಲೆಬಾಳುವಂಥವು. ಜಾಗ ಕಡಿಮೆ ಎಂದು ಕೈಚೆಲ್ಲಬೇಡಿ.

ದಾರಿ ಒಳಗೆ ಬಂದರೆ ಸುತ್ತು ಚಿಕ್ಕದಾಗುವುದಿಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಉದ್ದ, ಅಗಲ ಎರಡೂ 200 ಮೀಟರ್ ಇರುವ ಉದ್ಯಾನದಲ್ಲಿ ಬೇಲಿಯಿಂದ 5 ಮೀಟರ್ ಬಿಟ್ಟು ಹಾಕಿದ ಸುತ್ತು 760 ಮೀಟರ್. ಅದರ ಒಂದು ಬದಿಗೆ ಮಾತ್ರ ದೊಡ್ಡ ರಸ್ತೆ ಇದ್ದರೆ ಆ ಬದಿಯನ್ನಷ್ಟೇ 60 ಮೀಟರ್ ಒಳಕ್ಕೆ ತಂದರೆ ಸಾಕು, ಸುತ್ತು 640 ಮೀಟರ್ ಉಳಿಯುತ್ತದೆ. ಕಳೆದುಹೋದ 120 ಮೀಟರನ್ನು ಗದ್ದಲವಿಲ್ಲದ ಬದಿಯಲ್ಲಿ ಎರಡು ಬಾಗು ಕೊಟ್ಟು ಮರಳಿ ಪಡೆಯಬಹುದು. ನಾಲ್ಕೂ ಬದಿಗೆ ರಸ್ತೆ ಇದ್ದ ಕಡೆ ಇಂಗ್ಲಿಷಿನ 8ರ ಆಕಾರದಲ್ಲಿ ನಡುವೆ ಹಾಯಿಸಿ. ಬೇಲಿ ಪಕ್ಕದ ಪಟ್ಟಿಯಲ್ಲಿ ಮಕ್ಕಳ ಆಟದ ಜಾಗ, ಶೌಚಾಲಯ, ಗೊಬ್ಬರದ ಗುಂಡಿ, ಪಂಪ್‌ಮನೆ, ಸೈಕಲ್ ನಿಲ್ದಾಣ ಇರಲಿ. ಅಲ್ಲಿ ತಮ್ಮದೇ ಸದ್ದು ಇರುವುದರಿಂದ, ಇಲ್ಲವೇ ಜನ ಹೆಚ್ಚು ಹೊತ್ತು ನಿಲ್ಲದಿರುವುದರಿಂದ, ರಸ್ತೆಯ ಗದ್ದಲ ಅಷ್ಟು ಬಾಧಿಸುವುದಿಲ್ಲ.

ವಾಹನ ಕಡಿಮೆ ಮಾಡಿದರೆ ಸಾಕಲ್ಲವೇ ಎಂದು ರಸ್ತೆ ವಿಭಾಗದವರು ಕೇಳಬಹುದು. ವಾಹನಗಳ ಸಂಖ್ಯೆ ಅರ್ಧಕ್ಕೆ ಇಳಿದರೂ ಸದ್ದು ಇಳಿಯುವುದು 3 ಡೆಸಿಬಲ್ ಮಾತ್ರ. ಹತ್ತು ವಾಹನ ಹೋಗುವ ಕಡೆ ಒಂದೇ ಹೋಗುವಂತಾದರೆ ಮಾತ್ರ 10 ಡೆಸಿಬಲ್ ಇಳಿಯುತ್ತದೆ. ಹಾಗಾಗಿ ರಜಾದಿನದ ಬೆಳಿಗ್ಗೆ ರಸ್ತೆಯನ್ನು ನಡೆಯುವವರಿಗೆ ಬಿಡುವುದಾದರೆ ಪೂರ್ತಿ ಮುಚ್ಚಬೇಕು. ಅರ್ಧ ರಸ್ತೆ ಮುಚ್ಚಿದರೆ ಕಿವಿಗೆ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ. ವೇಗದ ಮಾತು ಬೇರೆ. ಕಾರುಗಳಲ್ಲಿ ಗಂಟೆಗೆ ಸುಮಾರು 40 ಕಿಲೋಮೀಟರ್ ದಾಟಿದ ಮೇಲೆ ಎಂಜಿನ್‌ಗಿಂತ ಟೈರು ರಸ್ತೆಗೆ ಉಜ್ಜುವ ಸದ್ದೇ ಮುಂದೆ ಬರುತ್ತದೆ. ಬ್ಯಾಟರಿ ಕಾರುಗಳು ಬಂದ ಮೇಲೂ ವೇಗದ ರಸ್ತೆಯ ಗದ್ದಲ ಹಾಗೇ ಉಳಿಯುವುದು ಇದೇ ಕಾರಣಕ್ಕೆ. ಉದ್ಯಾನದ ಪಕ್ಕದ ರಸ್ತೆಯಲ್ಲಿ 50ರ ಮಿತಿಯನ್ನು 30ಕ್ಕೆ ಇಳಿಸಿ, ಅದು ನಿಜವಾಗಿ ಪಾಲನೆಯಾಗುವಂತೆ ನೋಡಿಕೊಂಡರೆ, ವಾಹನಗಳನ್ನು ಅರ್ಧ ಕಡಿತ ಮಾಡಿದಷ್ಟೇ ಪ್ರಯೋಜನ ಸಿಗುತ್ತದೆ.

ಆದರೆ ವೇಗ ಇಳಿಸಲು ಎಲ್ಲೆಂದರಲ್ಲಿ ಹಂಪ್ ಹಾಕಬೇಡಿ. ಹಂಪಿನ ಮುಂದೆ ಬ್ರೇಕಿನ ಕಿರ್ರೆನ್ನುವ ಸದ್ದು, ಹಂಪಿನ ಮೇಲೆ ಖಾಲಿ ಲಾರಿಯ ಬಾಡಿ ಗಡಗಡ ಎನ್ನುವುದು, ದಾಟಿದ ಮೇಲೆ ಎಂಜಿನ್ ಮತ್ತೆ ಏರಿಸುವ ಆರ್ಭಟ, ಹೀಗೆ ಒಂದು ಹಂಪು ಮೂರು ಬಗೆಯ ಸದ್ದು ಹುಟ್ಟಿಸುತ್ತದೆ. ಗೇಟಿನ ಬಳಿ ರಸ್ತೆ ದಾಟಲು ಬೇಕಾದಲ್ಲಿ ಉದ್ದ ಇಳಿಜಾರಿನ ಎತ್ತರಿಸಿದ ದಾಟುಪಟ್ಟಿ ಇರಲಿ. ಉಳಿದ ಕಡೆ ಲೇನ್ ಅಗಲ ಕಿರಿದು ಮಾಡಿದರೂ ವೇಗ ತಗ್ಗುತ್ತದೆ. ಇನ್ನೊಂದು ಸಣ್ಣ ವಿಷಯ: ಸರಿಯಾಗಿ ಕೂರದ ಮ್ಯಾನ್‌ಹೋಲ್ ಮುಚ್ಚಳ. ಪ್ರತಿ ಚಕ್ರಕ್ಕೂ ಅದು ಖಟಕ್ ಖಟಕ್ ಎನ್ನುತ್ತದೆ. ಸರಾಸರಿ ಡೆಸಿಬಲ್‌ನಲ್ಲಿ ಅದು ಎದ್ದು ಕಾಣದೇ ಇರಬಹುದು, ಆದರೆ ನಡೆಯುವವರ ನೆಮ್ಮದಿ ಕೆಡಿಸಲು ಅದೊಂದೇ ಸಾಕು. ಚೌಕಟ್ಟಿನ ಅಂಚಿನ ಮಣ್ಣು ತೆಗೆದು, ಮುಚ್ಚಳದ ಕೆಳಗೆ ರಬ್ಬರ್ ಪಟ್ಟಿ ಕೂರಿಸಿ, ಅಲುಗದಂತೆ ಬಿಗಿ ಮಾಡುವುದು ಅರ್ಧ ದಿನದ ಕೆಲಸ.

ಮರಗಳ ವಿಷಯದಲ್ಲಿ ಒಂದು ತಪ್ಪು ನಂಬಿಕೆ ಗಟ್ಟಿಯಾಗಿ ಕೂತಿದೆ. ಬೇಲಿಗುಂಟ ಒಂದು ಸಾಲು ಮರ ನೆಟ್ಟರೆ ಸದ್ದು ನಿಲ್ಲುವುದಿಲ್ಲ. ಕಾಂಡಗಳ ನಡುವಿನಿಂದ, ಎಲೆಗಳ ಕೆಳಗಿನಿಂದ ಅದು ಸಲೀಸಾಗಿ ಒಳಬರುತ್ತದೆ. ಆಚೆ ಏನೂ ಕಾಣದಷ್ಟು ದಟ್ಟವಾಗಿ, ನೆಲದಿಂದಲೇ ಪೊದೆ ತುಂಬಿಕೊಂಡ ಹಸಿರು 30 ಮೀಟರ್ ದಪ್ಪ ಇದ್ದರೆ ಸುಮಾರು 5 ಡೆಸಿಬಲ್ ಇಳಿತ ಸಿಗುತ್ತದೆ. ಅಷ್ಟು ಜಾಗ ಎಲ್ಲ ಕಡೆ ಇರುವುದಿಲ್ಲ. ಮರ ನೆಡಬೇಡಿ ಎನ್ನುತ್ತಿಲ್ಲ. ನೆರಳಿಗೆ, ಹಕ್ಕಿಗೆ, ಬೇರಿನ ಸುತ್ತ ನೆಲ ಸಡಿಲವಾಗಿ ಸದ್ದು ಹೀರಿಕೊಳ್ಳುವುದಕ್ಕೆ ಮರ ಬೇಕು. ಆದರೆ ಸದ್ದಿನ ಕೆಲಸಕ್ಕೆ ಮರ ನೆಟ್ಟಿದ್ದೇವೆ ಎಂದು ಕಡತ ಮುಚ್ಚಬೇಡಿ.

ಸದ್ದನ್ನು ತಡೆಯುವುದು ಭಾರ ಮತ್ತು ಎತ್ತರ. ನಡೆಯುವವರ ಕಣ್ಣಿಗೆ ವಾಹನ ಕಾಣದಂತಾಗುವಷ್ಟು ಎತ್ತರದ ಗಟ್ಟಿ ತಡೆ ಬಂದರೆ ಸುಮಾರು 5 ಡೆಸಿಬಲ್ ಇಳಿಯುತ್ತದೆ. ಅದರ ಮೇಲೆ ಏರಿಸುವ ಪ್ರತಿ ಮೀಟರಿಗೆ ಇನ್ನೂ ಸುಮಾರು 1.5. ತಡೆಯ ಭಾರ ಚದರ ಮೀಟರಿಗೆ ಕನಿಷ್ಠ 10 ಕೆ.ಜಿ. ಇರಬೇಕು, 20 ಇದ್ದರೆ ನಿಶ್ಚಿಂತೆ. ಅರ್ಧ ಮಿಲಿಮೀಟರ್ ದಪ್ಪದ ತಗಡು ಚದರ ಮೀಟರಿಗೆ 4 ಕೆ.ಜಿ.ಯೂ ತೂಗುವುದಿಲ್ಲ. ಸದ್ದು ಅದನ್ನು ಹಾದು ಬರುತ್ತದೆ, ಜೊತೆಗೆ ಗಾಳಿಗೆ ತಗಡೂ ಬಡಿದುಕೊಳ್ಳುತ್ತದೆ. ಅರ್ಧ ಇಟ್ಟಿಗೆಯ ಗೋಡೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಭಾರ. ಇನ್ನು ಗ್ರಿಲ್ ಬೇಲಿ, ಸದ್ದಿನ ಮಟ್ಟಿಗೆ ಅದು ಇದ್ದರೂ ಇಲ್ಲದಂತೆ.

ತಡೆ ಎಲ್ಲಿರಬೇಕು ಎಂಬುದೂ ಮುಖ್ಯ. ರಸ್ತೆಯ ಮಗ್ಗುಲಲ್ಲಿ ಅಥವಾ ನಡೆಯುವವರ ಮಗ್ಗುಲಲ್ಲಿ ಇದ್ದರೆ ಪರಿಣಾಮ ಹೆಚ್ಚು, ಎರಡರ ನಟ್ಟನಡುವೆ ಇದ್ದರೆ ತೀರಾ ಕಡಿಮೆ. ಆದ್ದರಿಂದ ಬೇಲಿ ಪಕ್ಕದ ದಾರಿಯನ್ನು ಯಾವ ಕಾರಣಕ್ಕೂ ಸರಿಸಲಾಗದು ಎನ್ನುವ ಕಡೆ, ಅಲ್ಲಿ 2 ಮೀಟರ್ ಎತ್ತರದ ಗಟ್ಟಿ ಗೋಡೆ ಕಟ್ಟಿ, ದಾರಿಯನ್ನು ಅದರ 3, 4 ಮೀಟರ್ ಸಮೀಪದಲ್ಲೇ ಇಡುವುದು ಲೇಸು. ಗೋಡೆಯ ನೆರಳು ಬೀಳುವಂತೆ ಸದ್ದಿನ ನೆರಳೂ ಬೀಳುತ್ತದೆ, ಆ ನೆರಳು ಗೋಡೆಯ ಬುಡದಲ್ಲೇ ದಟ್ಟ. ಗೋಡೆ ಬೇಗ ಮುಗಿದರೆ ಸದ್ದು ತುದಿಯಿಂದ ಬಳಸಿ ಬರುತ್ತದೆ. ನಡೆಯುವವರಿಂದ ಗೋಡೆಗೆ ಎಷ್ಟು ದೂರವೋ ಅದರ ನಾಲ್ಕು ಪಟ್ಟು ಎರಡೂ ಬದಿಗೆ ಗೋಡೆ ಚಾಚಿರಬೇಕು.

ಜಾಗ ಇದ್ದರೆ ಗೋಡೆಗಿಂತ ಮಣ್ಣಿನ ದಿಬ್ಬವೇ ನಮಗೆ ಹೆಚ್ಚು ಇಷ್ಟ. ಗಟ್ಟಿ ಗೋಡೆ ಸದ್ದನ್ನು ರಸ್ತೆಯಾಚೆಯ ಮನೆಗಳತ್ತ ತಿರುಗಿಸಿ ಎಸೆಯುತ್ತದೆ; ಹುಲ್ಲು ಬೆಳೆದ ದಿಬ್ಬ ಹಾಗೆ ಮಾಡುವುದು ಕಡಿಮೆ. 2 ಮೀಟರ್ ಎತ್ತರ, ಎರಡೂ ಬದಿಗೆ ಒಂದಕ್ಕೆ ಎರಡರ ಇಳಿಜಾರು, ನೆತ್ತಿಯಲ್ಲಿ 1 ಮೀಟರ್ ಎಂದರೆ ಬುಡದ ಅಗಲ 9 ಮೀಟರ್ ಬೇಕು. ಹುಲ್ಲು ಕತ್ತರಿಸುವ ಯಂತ್ರ ಓಡಬೇಕಾದರೆ ಒಂದಕ್ಕೆ ಮೂರರ ಇಳಿಜಾರು ಕೊಡಿ, ಆಗ 13 ಮೀಟರ್. ಕೆರೆ, ಚರಂಡಿ, ಅಡಿಪಾಯ ಅಗೆದಾಗ ಬರುವ ಒಳ್ಳೆಯ ಮಣ್ಣನ್ನು ಊರಾಚೆ ಸಾಗಿಸುವ ಬದಲು ಇಲ್ಲಿಗೆ ತನ್ನಿ. ಪದರ ಪದರವಾಗಿ ತುಳಿಸಿ ಏರಿಸಿ. ಒಂದೇ ಸಲ ಸುರಿದ ಮಣ್ಣು ಮೊದಲ ಮಳೆಗಾಲದಲ್ಲೇ ಕುಸಿದು ಎತ್ತರ ಕಳೆದುಕೊಳ್ಳುತ್ತದೆ, ಎತ್ತರ ಹೋದರೆ ಸದ್ದಿನ ನೆರಳೂ ಹೋಯಿತು. ದಿಬ್ಬದ ಎರಡೂ ಬುಡಗಳಲ್ಲಿ ನೀರು ಹರಿದುಹೋಗಲು ಕಾಲುವೆ ಮರೆಯಬೇಡಿ.

ಇಷ್ಟೆಲ್ಲ ಮಾಡಿದ ಮೇಲೆ ಕೆಲಸ ಕೆಡುವುದು ಗೇಟಿನಲ್ಲಿ. ದಿಬ್ಬ ಅಥವಾ ಗೋಡೆಯ ನಡುವೆ ಬಿಟ್ಟ ನಾಲ್ಕು ಮೀಟರ್ ಬಾಯಿ ರಸ್ತೆಯ ಗದ್ದಲವನ್ನು ನೇರ ಒಳಗೆ ಸುರಿಯುತ್ತದೆ. ಅದರ ಎದುರಿಗೆ ನಿಂತು, ಹತ್ತು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿದರೆ ವ್ಯತ್ಯಾಸ ಯಾರಿಗೂ ಗೊತ್ತಾಗುತ್ತದೆ. ಗೇಟಿನ ಹಿಂದೆ ಒಂದು ಅಡ್ಡಗೋಡೆ ಎಬ್ಬಿಸಿ, ಎರಡೂ ಗೋಡೆಗಳು ಬಾಯಿಯ ಅಗಲದ ಮೂರು ನಾಲ್ಕು ಪಟ್ಟು ಉದ್ದಕ್ಕೆ ಒಂದರ ಹಿಂದೆ ಒಂದು ಬರುವಂತೆ ಇಟ್ಟರೆ ಜನ ಬಳಸಿ ಒಳಬರುತ್ತಾರೆ, ಸದ್ದು ಬಹುಪಾಲು ಹೊರಗೇ ಉಳಿಯುತ್ತದೆ. ಗಾಲಿಕುರ್ಚಿ ತಿರುಗಲು ಒಳಗೆ ಕನಿಷ್ಠ ಒಂದೂವರೆ ಮೀಟರ್ ಅಗಲ ಬಿಡಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಸದ್ದಿಲ್ಲದ ಜಾಗ ಯಾರ ಕಣ್ಣಿಗೂ ಬೀಳದ ಜಾಗವೂ ಆಗಿಬಿಟ್ಟರೆ ಒಂಟಿಯಾಗಿ ನಡೆಯುವ ಹೆಣ್ಣುಮಕ್ಕಳು, ವಯಸ್ಸಾದವರು ಅಲ್ಲಿಗೆ ಹೋಗುವುದಿಲ್ಲ. ರಸ್ತೆ ಕಡೆಗೆ ಮರೆ ಇರಲಿ, ಉದ್ಯಾನದ ಒಳಗಡೆ ಮರೆ ಬೇಡ. ದಾರಿಯ ಎರಡೂ ಬದಿ 2 ಮೀಟರ್ ಅಗಲದಷ್ಟು ಪೊದೆಗಳನ್ನು ಮೊಣಕಾಲೆತ್ತರಕ್ಕಿಂತ ಮೇಲೆ ಬಿಡಬೇಡಿ, ಮರದ ಕೊಂಬೆಗಳನ್ನು 2 ಮೀಟರಿನ ಮೇಲಕ್ಕೆ ಎತ್ತಿ ಕತ್ತರಿಸಿ. ಒಳದಾರಿಗಳಿಗೆ ಎರಡು ಕಡೆಯಿಂದಲೂ ಹೊರಹೋಗುವ ಬಾಗಿಲಿರಲಿ. ಅಡ್ಡಗೋಡೆಯ ಹಿಂದೆ ದೀಪ ಕಡ್ಡಾಯ. ಗಟ್ಟಿ ಮರೆಯೋ ಕಾಣುವಿಕೆಯೋ ಎಂಬ ಪ್ರಶ್ನೆ ಬಂದ ಕಡೆ ಕಾಣುವಿಕೆಯನ್ನೇ ಆರಿಸಿ, ಸದ್ದಿಗೆ ದೂರವನ್ನು ನೆಚ್ಚಿಕೊಳ್ಳಿ.

ಗಾಳಿ ಮತ್ತು ಹೊತ್ತಿನ ವಿಷಯ ನಡೆಯುವವರಿಗೂ ತಿಳಿದಿರಬೇಕು. ಬೆಳಗಿನ ಜಾವ ವಾಹನ ಕಡಿಮೆ, ಆದರೂ ಎರಡು ಕಿಲೋಮೀಟರ್ ಆಚೆಯ ಹೆದ್ದಾರಿ ಪಕ್ಕದಲ್ಲೇ ಇದ್ದಂತೆ ಕೇಳುತ್ತದೆ. ಬಿಸಿ ಗಾಳಿಯಲ್ಲಿ ಸದ್ದು ಬೇಗ ಓಡುತ್ತದೆ, ತಂಪು ಗಾಳಿಯಲ್ಲಿ ನಿಧಾನ. ಬಿಸಿಲೇರಿದ ಹಗಲಿನಲ್ಲಿ ನೆಲದ ಬಳಿಯ ಗಾಳಿ ಬಿಸಿ, ಮೇಲಿನದು ತಂಪು. ಆಗ ಸದ್ದು ಮೇಲಕ್ಕೆ ಬಾಗಿ ತಲೆಯ ಮೇಲಿಂದ ಹಾದುಹೋಗುತ್ತದೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ಕಳೆದ ಮೇಲೆ ಇದು ತಲೆಕೆಳಗು. ನೆಲ ತಣ್ಣಗಾಗಿ ತಂಪು ಗಾಳಿ ಕೆಳಗೆ ಕೂತಿರುತ್ತದೆ, ಮೇಲೆ ಹೋಗಬೇಕಿದ್ದ ಸದ್ದು ಬಾಗಿ ನೆಲಕ್ಕೇ ಇಳಿಯುತ್ತದೆ. ಸೂರ್ಯ ಹುಟ್ಟಿ ಒಂದೆರಡು ಗಂಟೆಯಲ್ಲಿ ಈ ಪದರ ಕರಗುತ್ತದೆ. ಹಾಗಾಗಿ ದೂರದ ಹೆದ್ದಾರಿಯ ಮೊರೆತವೇ ತೊಂದರೆ ಎನ್ನುವ ಕಡೆ ತೀರಾ ಮುಂಜಾನೆಗಿಂತ ಸ್ವಲ್ಪ ಬಿಸಿಲೇರಿದ ಹೊತ್ತು ಒಳ್ಳೆಯದು. ಹತ್ತಿರದ ರಸ್ತೆಯೇ ತೊಂದರೆಯಾದರೆ ಮುಂಜಾನೆಯೇ ಸರಿ.

ಗಾಳಿ ನಿಮ್ಮಿಂದ ರಸ್ತೆಯ ಕಡೆ ಬೀಸುತ್ತಿರಬೇಕು. ರಸ್ತೆಯಿಂದ ನಿಮ್ಮತ್ತ ಬೀಸಿದರೆ ಸದ್ದು ಕೆಳಕ್ಕೆ ಬಾಗಿ ಬರುತ್ತದೆ, ಗೋಡೆಯ ನೆರಳನ್ನೂ ಕೆಡಿಸುತ್ತದೆ. ಊರಿನಲ್ಲಿ ಹೆಚ್ಚಿನ ತಿಂಗಳು ಗಾಳಿ ಯಾವ ದಿಕ್ಕಿನಿಂದ ಎಂಬುದು ಹವಾಮಾನ ಕೇಂದ್ರದ ದಾಖಲೆಯಲ್ಲಿ ಸಿಗುತ್ತದೆ. ದೊಡ್ಡ ರಸ್ತೆಗಿಂತ ಮೊದಲು ಗಾಳಿ ತಲುಪುವ ಬದಿಯಲ್ಲಿ ನಡಿಗೆಯ ಜಾಗ ಹುಡುಕಿ. ನೀರಿನ ಮೇಲ್ಮೈ ನುಣುಪಾದ್ದರಿಂದ ಸದ್ದನ್ನು ಹೀರುವುದಿಲ್ಲ. ಕೆರೆಯಾಚೆ ರಸ್ತೆ ಇದ್ದರೆ ಈಚೆ ದಡ ನೋಡಲು ಶಾಂತ, ಕೇಳಲು ಅಲ್ಲ. ಏರಿಯ ಮೇಲೆ ನಡೆದರೆ ಸದ್ದಿಗೆ ಮೈಯೊಡ್ಡಿದಂತೆ. ಏರಿಯ ಕೆಳಗೆ, ರಸ್ತೆ ಇಲ್ಲದ ಬದಿಯ ಬುಡದಲ್ಲಿ ನಡೆಯಿರಿ. ಗುಡ್ಡದ ನೆತ್ತಿಗಿಂತ ರಸ್ತೆಗೆ ಮರೆಯಾದ ಮಗ್ಗುಲು, ಬಯಲಿಗಿಂತ ಹಳ್ಳದ ದಾರಿ ಸಾಮಾನ್ಯವಾಗಿ ಮೇಲು. ಮಳೆ ನಿಂತ ಮೇಲೆ ಒದ್ದೆ ರಸ್ತೆಯಲ್ಲಿ ಟೈರು ಸುಯ್ಯೆನ್ನುವುದು ಜೋರಾಗುತ್ತದೆ, ಆ ಹೊತ್ತಿನಲ್ಲಿ ಒಂದು ಜಾಗವನ್ನು ತೂಗಿ ತೀರ್ಮಾನಿಸಬೇಡಿ.

ಉದ್ಯಾನವೇ ಇಲ್ಲದ ಕಡೆ ಒಳ ಓಣಿಗಳಿವೆ. ಸಂದಿಲ್ಲದೆ ಒಂದಕ್ಕೊಂದು ಹೊಂದಿಕೊಂಡ ಕಟ್ಟಡಗಳ ಸಾಲು ಎಲ್ಲಕ್ಕಿಂತ ದೊಡ್ಡ ತಡೆಗೋಡೆ; ಅದರ ಹಿಂದಿನ ಓಣಿಯಲ್ಲಿ 10 ಡೆಸಿಬಲ್‌ಗೂ ಹೆಚ್ಚು ಇಳಿತ ಸಾಮಾನ್ಯ. ಇಂಥ ಓಣಿಗಳು ಒಂದು ಬೀಗ ಹಾಕಿದ ಗೇಟು, ಒಂದು ಚರಂಡಿ, ಒಂದು ಸಂಸ್ಥೆಯ ಕಾಂಪೌಂಡಿನಿಂದ ತುಂಡಾಗಿರುತ್ತವೆ. ಚರಂಡಿಗೆ ಕಾಲುಸಂಕ, ಗೇಟಿಗೆ ಬೆಳಿಗ್ಗೆ ಸಂಜೆ ತೆರೆಯುವ ವೇಳಾಪಟ್ಟಿ, ಇಷ್ಟರಿಂದಲೇ ಒಂದೆರಡು ಕಿಲೋಮೀಟರ್ ನಡಿಗೆ ಕೂಡಿಕೊಳ್ಳಬಹುದು. ನಕ್ಷೆಯ ಮೇಲೆ ಬಸ್ಸು, ಲಾರಿ ಓಡುವ ಎಲ್ಲ ರಸ್ತೆಗಳಿಗೂ ಎರಡೂ ಬದಿ 100 ಮೀಟರಿನ ಪಟ್ಟಿ ಬಣ್ಣ ಹಚ್ಚಿ, ಬಣ್ಣ ಬೀಳದೆ ಉಳಿದ ಜಾಗಗಳನ್ನು ಸಾರ್ವಜನಿಕ ಭೂಮಿಯ ನಕ್ಷೆಯ ಜೊತೆ ಹೋಲಿಸಿ ನೋಡಿ. ರೈಲುಗೇಟು, ವಿಮಾನ ಇಳಿಯುವ ದಾರಿ ಇದ್ದರೆ ಅವನ್ನೂ ಗುರುತಿಸಿ.

ಕಾರಂಜಿಯ ಸದ್ದಿನಿಂದ ವಾಹನದ ಸದ್ದು ಮುಚ್ಚುವ ಯೋಚನೆ ಕೆಲವರಿಗಿದೆ. ನ್ಯೂಯಾರ್ಕಿನ ಪೇಲಿ ಪಾರ್ಕಿನಲ್ಲಿ 1967ರಿಂದ ಸುಮಾರು 6 ಮೀಟರ್ ಎತ್ತರದ ನೀರಿನ ಗೋಡೆ ಈ ಕೆಲಸ ಮಾಡುತ್ತಿದೆ. ಅದು ಕೂರುವ ಪುಟ್ಟ ಜಾಗ, ನಡೆಯುವ ದಾರಿಯಲ್ಲ. ನೀರಿನಿಂದ ನಾಲ್ಕು ಹೆಜ್ಜೆ ದಾಟಿದರೆ ಮರೆಮಾಚುವ ಶಕ್ತಿ ಕುಗ್ಗುತ್ತದೆ, ಬಸ್ಸಿನ ತಗ್ಗು ಗುಡುಗನ್ನು ನೀರಿನ ಸದ್ದು ಮುಚ್ಚುವುದೂ ಇಲ್ಲ. ಬೆಂಚುಗಳಿರುವ ಮೂಲೆಯಲ್ಲಿ ಬೇಕಾದರೆ ಇಡಿ. ಧ್ವನಿವರ್ಧಕದಲ್ಲಿ ಸಂಗೀತ ಹಾಕುವುದನ್ನು ಮಾತ್ರ ದಯವಿಟ್ಟು ನಿಲ್ಲಿಸಿ. ಎಲೆ ಊದುವ ಯಂತ್ರ, ಹುಲ್ಲು ಕತ್ತರಿಸುವ ಯಂತ್ರಗಳ ಕೆಲಸವನ್ನು ಜನ ನಡೆಯದ ಮಧ್ಯಾಹ್ನಕ್ಕೆ ತಳ್ಳಿ.

ಇನ್ನು ಅಳತೆ. ದಾರಿ ಹಾಯಬಹುದಾದ ಕಡೆ 50 ಮೀಟರಿಗೊಂದು ಗೂಟ ನೆಟ್ಟು ಅಂಕೆ ಕೊಡಿ. ಸದ್ದು ಅಳೆಯುವ ಮೀಟರನ್ನು ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಸ್ಟ್ಯಾಂಡಿಗೆ ಕೂರಿಸಿ, ಗೋಡೆಯಿಂದ ಮೂರೂವರೆ ಮೀಟರಾದರೂ ದೂರ ಇಡಿ, ಮೈಕಿಗೆ ಸ್ಪಂಜಿನ ಟೋಪಿ ಹಾಕಿ. ಕಿವಿಗೆ ಕೇಳುವ ಪರಿಗೆ ಹೊಂದಿಸಿದ ‘ಎ’ ತೂಕದ ಸರಾಸರಿಯನ್ನು ಪ್ರತಿ ಗೂಟದಲ್ಲೂ 10 ನಿಮಿಷ ತೆಗೆಯಿರಿ. ಹತ್ತು ನಿಮಿಷದಲ್ಲಿ ಒಂಬತ್ತು ನಿಮಿಷ ಯಾವ ಮಟ್ಟದ ಮೇಲೆಯೇ ಇತ್ತು ಎಂಬ ಅಂಕೆಯನ್ನೂ ಬರೆದುಕೊಳ್ಳಿ, ಹಿನ್ನೆಲೆಯ ಮೊರೆತ ಅದರಲ್ಲಿ ಗೊತ್ತಾಗುತ್ತದೆ. ಗಾಳಿ ಸೆಕೆಂಡಿಗೆ 5 ಮೀಟರ್ ಮೀರಿದ ದಿನ, ರಸ್ತೆ ಒದ್ದೆಯಾದ ದಿನ ಬೇಡ. ವಾರದ ದಿನದ ದಟ್ಟಣೆ ಹೊತ್ತಿನಲ್ಲಿ ಒಮ್ಮೆ, ನಡೆಯುವವರು ಹೆಚ್ಚು ಬರುವ ಹೊತ್ತಿನಲ್ಲಿ ಒಮ್ಮೆ, ರಜಾದಿನ ಒಮ್ಮೆ. ಹನ್ನೆರಡು ಗೂಟಗಳಿಗೆ ಒಂದು ಸುತ್ತು ಎಂದರೆ ಬರಿಯ ಅಳತೆಯೇ ಎರಡು ಗಂಟೆ. ಮೀಟರ್ ಇಲ್ಲದಿದ್ದರೆ ಫೋನಿನ ಆ್ಯಪ್ ಆದೀತು, ಆದರೆ ಎಲ್ಲ ಗೂಟಗಳಿಗೂ ಒಂದೇ ಫೋನ್ ಇರಲಿ, ಕವರ್ ತೆಗೆದಿರಲಿ. ಅದರ ಅಂಕೆಯನ್ನು ಕಾನೂನಿನ ಮಿತಿಗೆ ಹೋಲಿಸಬೇಡಿ, ಒಂದು ಗೂಟಕ್ಕೂ ಇನ್ನೊಂದಕ್ಕೂ ಇರುವ ಅಂತರವನ್ನು ಮಾತ್ರ ನಂಬಿ.

ಕಿವಿಯೂ ಸಾಕ್ಷಿ ಹೇಳುತ್ತದೆ. ಇಬ್ಬರು ಪಕ್ಕಪಕ್ಕದಲ್ಲಿ ನಡೆಯುತ್ತಾ ಮಾಮೂಲಿ ದನಿಯಲ್ಲಿ ಮಾತಾಡುವಾಗ, ಬಸ್ಸು ಹೋಯಿತೆಂದು ಮಾತು ಅರ್ಧಕ್ಕೆ ನಿಲ್ಲಬಾರದು. ಒಣ ಎಲೆಯ ಮೇಲೆ ಬಿದ್ದ ತಮ್ಮ ಹೆಜ್ಜೆ ತಮಗೇ ಕೇಳಬೇಕು. ಹಕ್ಕಿಯ ಹಾಡಿನ ತಗ್ಗು ಸ್ವರಗಳೂ ಕೇಳಬೇಕು. ನೆದರ್‌ಲ್ಯಾಂಡ್ಸ್‌ನ ಲೈಡನ್ ನಗರದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗದ್ದಲದ ಜಾಗದ ಗ್ರೇಟ್ ಟಿಟ್ ಹಕ್ಕಿಗಳು ತಗ್ಗು ಸ್ವರ ಬಿಟ್ಟು ಏರು ಸ್ವರದಲ್ಲೇ ಹಾಡುವುದು ಕಂಡುಬಂತು. ವಾಹನದ ಸದ್ದು ಮೊದಲು ನುಂಗುವುದು ಆ ತಗ್ಗು ಸ್ವರಗಳನ್ನೇ.

ಯುರೋಪಿಯನ್ ಒಕ್ಕೂಟ 2002ರ ಪರಿಸರ ಶಬ್ದ ನಿರ್ದೇಶನದಲ್ಲಿ ಗದ್ದಲವಿಲ್ಲದ ಪ್ರದೇಶಗಳಲ್ಲಿ ಸದ್ದು ಏರದಂತೆ ಕಾಪಾಡುವುದನ್ನು ಕ್ರಿಯಾಯೋಜನೆಗಳ ಗುರಿಗಳಲ್ಲಿ ಸೇರಿಸಿತು. ಕೆಟ್ಟ ಜಾಗವನ್ನು ಸರಿಪಡಿಸುವುದಕ್ಕಿಂತ ಇರುವ ಒಳ್ಳೆಯ ಜಾಗವನ್ನು ಉಳಿಸಿಕೊಳ್ಳುವುದು ಅಗ್ಗ. ಹತ್ತಿರದಲ್ಲಿ ಹೊಸ ರಸ್ತೆ, ಪಾರ್ಕಿಂಗ್, ಮೇಲ್ಸೇತುವೆ ಬರುವುದಾದರೆ ಅಲ್ಲಿ ಮೊದಲು ಎಷ್ಟು ಡೆಸಿಬಲ್ ಇತ್ತು ಎಂಬ ದಾಖಲೆ ಕಡತದಲ್ಲಿ ಇರಬೇಕಾಗುತ್ತದೆ. ಅದಿಲ್ಲದಿದ್ದರೆ ಆಮೇಲೆ ಏನು ಕಳೆದುಕೊಂಡೆವು ಎಂದು ತೋರಿಸಲು ಯಾರ ಬಳಿಯೂ ಏನೂ ಇರುವುದಿಲ್ಲ.

ನಮ್ಮ ಕೋರಿಕೆ ಇಷ್ಟು. ಮುಂದಿನ ನಡಿಗೆ ದಾರಿಯ ಟೆಂಡರ್ ಕರೆಯುವ ಮೊದಲು ಮೇಲೆ ಹೇಳಿದ ಮೂರು ಸುತ್ತಿನ ಅಳತೆ ಮಾಡಿಸಿ, ಗೂಟಗಳ ಅಂಕೆಗಳನ್ನು ನಕ್ಷೆಯ ಮೇಲೆಯೇ ಬರೆಸಿ, ದಾರಿಯ ಗೆರೆಯನ್ನು ಆಮೇಲೆ ಎಳೆಯಿರಿ. ಆ ನಕ್ಷೆಯ ಒಂದು ಪ್ರತಿಯನ್ನು ಉದ್ಯಾನದ ಗೇಟಿನಲ್ಲಿ ಹಾಕಿ, ವರ್ಷಕ್ಕೊಮ್ಮೆ ಅದೇ ಗೂಟಗಳಲ್ಲಿ ಮತ್ತೆ ಅಳೆದು ಹೊಸ ಅಂಕೆಯನ್ನು ಹಳೆಯದರ ಪಕ್ಕದಲ್ಲಿ ಬರೆಸಿ.

ಇತಿ,
ನಡಿಗೆ ದಾರಿಗಳ ಸದ್ದು ಅಳೆಯುವವರು